ಗಂಟೆಯ ಲೆಕ್ಕ

ನನ್ನ ಸಂಬಳ ಗಂಟೆಯ ಲೆಕ್ಕದಲ್ಲಿ.
ಸೋಮವಾರ ತರ್ಕಶಾಸ್ತ್ರ, ಬುಧವಾರ ಮನಃಶಾಸ್ತ್ರ,
ಕಾರವಾರದ ಈ ಕಾಲೇಜಿನ ಕಟ್ಟಕಡೆಯ ಕೋಣೆ.
ಹಿಂದೆ ಇಲ್ಲಿ ಎನ್‌ಸಿಸಿ ಬೂಟು ಇಡುತ್ತಿದ್ದರಂತೆ,
ಈಗಲೂ ಪಾಲಿಶಿನ ವಾಸನೆ.

ಹನ್ನೊಂದು ಮಕ್ಕಳು.
ಬೇರೆಲ್ಲೂ ಸೀಟು ಸಿಗದೆ ಬಂದವರೇ ಹೆಚ್ಚು,
ಹೆಸರು ಚೆನ್ನಾಗಿದೆಯೆಂದು ಬಂದವರು ಮೂವರು.
ಒಬ್ಬಳು ಮಾತ್ರ, ಶೆವಂತಿ ತಾಂಡೇಲ,
ಏನೋ ಕೇಳುವುದಿದೆ ಎಂದು ಬಂದವಳು.
ಏನೆಂದು ಜೂನಿನಿಂದ ಬಾಯಿಬಿಟ್ಟಿರಲಿಲ್ಲ.

ಮೊದಲ ದಿನ ಮೇಜು ತಟ್ಟಿ ಕೇಳಿದ್ದೆ:
ಇದು ಇದೆ ಎಂದು ಹೇಗೆ ಗೊತ್ತು?
"ಡೆಡ್‌ಸ್ಟಾಕ್ ರಿಜಿಸ್ಟರಿನಲ್ಲಿ ಬರೆದಿದೆ ಮೇಡಂ"
ಎಂದ ಮುಜಮ್ಮಿಲ್. ನಕ್ಕೆ.
ಕೋಡಿಬಾಗದ ಬಸ್ಸಿನಲ್ಲಿ ಆ ನಗು ನಿಂತಿತು:
ಮೇಜಿನ ಹೆಸರು ಆ ಪುಸ್ತಕದಲ್ಲಿದೆ.
ನನ್ನದು ಯಾವುದರಲ್ಲೂ ಇಲ್ಲ.

ಇನ್ನೊಂದು ದಿನ ಆಗ್ನೆಲ್:
"ನನ್ನಜ್ಜಿಯ ಬಾವಿ ಈಗ ನೌಕಾನೆಲೆಯ ಗೋಡೆಯೊಳಗಿದೆ.
ನಾವ್ಯಾರೂ ನೋಡದ ಬಾವಿಯಲ್ಲಿ ನೀರಿದೆಯೋ?"
"ನೇವಿಯವರು ನೋಡ್ತಾರಲ್ಲ ಮಾರಾಯಾ!"
"ಅವರು ನೋಡಿದರೆ ಅದು ಬಾವಿ.
ಅಜ್ಜಿಯ ಬಾವಿ ಹೇಗಾಗ್ತದೆ?"
ಅರ್ಧ ಕೊಂಕಣಿ, ಅರ್ಧ ಕನ್ನಡ, ಬೆಂಚು ಬಡಿದು ಜಗಳ.
ಪಕ್ಕದ ಕೋಣೆಯ ಅಕೌಂಟೆನ್ಸಿ ಮೇಷ್ಟ್ರು ಇಣುಕಿ ಹೋದರು.
ಸಿಲಬಸ್ಸು ಒಂದಂಗುಲ ಸರಿಯಲಿಲ್ಲ.

ಈ ಬುಧವಾರ ನಾಯಿಯ ಪಾಠ.
ಗಂಟೆ ಬಾರಿಸು, ಅನ್ನವಿಡು.
ಗಂಟೆ ಬಾರಿಸು, ಅನ್ನವಿಡು.
ಆಮೇಲೆ ಬರೀ ಗಂಟೆ ಸಾಕು,
ನಾಯಿಯ ಬಾಯಲ್ಲಿ ನೀರು.
"ಬೈತಖೋಲದ ಬೆಕ್ಕುಗಳೂ ಹಾಗೇ!
ಐಸ್ ಒಡೆಯುವ ಸದ್ದಿಗೆ ಓಡಿ ಬರ್ತಾವೆ."
ಬೋರ್ಡಿನ ಮೇಲಿನ ನಾಯಿಗೆ ಮೀಸೆ ಎಳೆದು ಬೆಕ್ಕು ಮಾಡಿದೆ.

ಮುಂದೆ ಹೇಳಿದೆ:
ದಿನವೂ ಗಂಟೆ ಬಾರಿಸಿ, ಅನ್ನವಿಡದೆ ಹೋದರೆ
ಜೊಲ್ಲು ಕಡಿಮೆಯಾಗುತ್ತ ಆಗುತ್ತ ನಿಲ್ಲುತ್ತದೆ.
ಇದರ ಹೆಸರು ನಂದುವಿಕೆ. ಎರಡು ಅಂಕದ ಪ್ರಶ್ನೆ.

ಶೆವಂತಿ ಎದ್ದಳು.
"ಎಷ್ಟು ಗಂಟೆಗೆ ಮೇಡಂ?"
ಹನ್ನೆರಡೂವರೆಗೆ, ಎಂದೆ,
ಪೀರಿಯಡ್ಡು ಮುಗಿಯುವ ಹೊತ್ತು ಕೇಳಿದಳೆಂದು.
"ಅದಲ್ಲ. ಎಷ್ಟು ಗಂಟೆ ಬಾರಿಸಿದ ಮೇಲೆ ನಂದುತ್ತದೆ?"

ದೋಣಿ ಸಿಕ್ಕಿತ್ತು, ಅಪ್ಪ ಸಿಗಲಿಲ್ಲ.
ದೋಣಿ ಮಾರಿದರು. ಕೊಂಡವರು ಅದರಲ್ಲೇ
ನಸುಕಿಗೆ ಮನೆಯ ಮುಂದಿನಿಂದ ಹಾಯುತ್ತಾರೆ.
ಎಂಜಿನ್ನಿಗೆ ಒಂದು ಕೆಮ್ಮಿದೆ, ಬೇರೆ ಯಾವುದಕ್ಕೂ ಇಲ್ಲ.
ಆ ಕೆಮ್ಮಿಗೆ ಅಮ್ಮ ಏಳುತ್ತಾಳೆ.
ಪೇಜಿಗೆ ನೀರಿಡುತ್ತಾಳೆ.
"ಐದು ವರ್ಷ. ಮಳೆಗಾಲದ ರಜೆ ಕಳೆದು
ಸಾವಿರದ ಮುನ್ನೂರ ಹನ್ನೆರಡು ಸಲ.
ನಿಮ್ಮ ನಾಯಿ ಎಷ್ಟಕ್ಕೆ ಬಿಟ್ಟಿತು?"

ನಾನು ಸೀಮೆಸುಣ್ಣ ಇಟ್ಟೆ. ಮತ್ತೆ ತೆಗೆದುಕೊಂಡೆ.

"ಸೋಮವಾರದ ಟೆಸ್ಟಿನಲ್ಲಿ ಕೇಳಿದ್ದಿರಿ.
ಮನುಷ್ಯರೆಲ್ಲ ಸಾಯುವವರು,
ಇವನು ಮನುಷ್ಯ,
ಆದ್ದರಿಂದ?
ನಾನು ಮೂರನೆಯ ಸಾಲು ಬರೆಯಲಿಲ್ಲ.
ನೀವು ಅರ್ಧ ಅಂಕ ಕತ್ತರಿಸಿದಿರಿ.
ತಾಲೂಕು ಕಚೇರಿಯವರೂ ಬರೆಯುವುದಿಲ್ಲ ಮೇಡಂ.
ಏಳು ವರ್ಷ ತುಂಬಬೇಕಂತೆ."

ಪುಸ್ತಕ ತಿರುವಿದೆ. ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ:
ನಂದಿದ್ದು ಕೆಲವೊಮ್ಮೆ, ಕಾರಣವಿಲ್ಲದೆ, ಮರಳುತ್ತದೆ.
ಗಟ್ಟಿಯಾಗಿ ಓದಲಿಲ್ಲ.
ಗೊತ್ತಿಲ್ಲ, ಎಂದೆ.
ಯಾರೋ ಅದನ್ನೂ ನೋಟ್ಸಿನಲ್ಲಿ ಬರೆದುಕೊಂಡರು.

ಗಂಟೆ ಹೊಡೆಯಿತು.
ಹತ್ತು ಚೀಲಗಳು ತಾವಾಗಿ ಮುಚ್ಚಿಕೊಂಡವು.

ಶೆವಂತಿ ಡಬ್ಬಿ ತೆರೆದಳು.
ಪೇಜು, ಒಣಸಿಗಡಿಯ ಚಟ್ನಿ.
"ತಿನ್ನಿ ಮೇಡಂ. ಇರುವುದು ನಾವಿಬ್ಬರು,
ಅಮ್ಮ ಮೂವರಿಗೆ ಮಾಡ್ತಾಳೆ. ದಿನಾ ಮಿಗ್ತದೆ."

ಲೆಕ್ಕಕ್ಕೆ ಬಾರದ ಆ ಗಂಟೆಯಲ್ಲಿ
ಮುಚ್ಚಳಕ್ಕೆ ಬಗ್ಗಿಸಿಕೊಂಡು ಉಂಡೆ.
ಉಪ್ಪು ಸರಿಯಾಗಿತ್ತು.