ಪುಟ್ಟಿ

ಫ್ರಾಯ್ ಬೆಂತೋಸ್, ನವೆಂಬರ್. ಹೊಳೆಯ ಕಡೆಯಿಂದ
ಇನ್ನೂ ಗಾಳಿ ಎದ್ದಿಲ್ಲ.
ಶೆಡ್ಡಿನ ನೆಲಕ್ಕೆ ಎರಡು ಬಕೆಟ್ ನೀರು ಚೆಲ್ಲಿದೆ,
ಧೂಳು ಏಳಬಾರದು ಅಂತ.
ನಡುವೆ ಫಿಯೆಟ್ ಆರುನೂರು,
ಹೆಡ್‌ಲೈಟು ಕಿತ್ತ ಗುಳಿಗಳಲ್ಲಿ ನನ್ನನ್ನೇ ನೋಡುತ್ತ.
ಗಾಜಿಗೆಲ್ಲ ಹಳೆ ಪೇಪರು ಅಂಟಿಸಿದ್ದೇನೆ,
ಸೋತ ಪಂದ್ಯದ ಪುಟ ಹಿಂದಕ್ಕೆ.
ಬಾನೆಟ್ಟು ತೊಲೆಯಿಂದ ನೇತಾಡುತ್ತಿದೆ.
ಅದರಡಿ ಎಂಜಿನ್ನಿಲ್ಲ, ಈ ಜಾತಿಗೆ ಅದು ಬೆನ್ನಲ್ಲಿ;
ಇಲ್ಲಿರುವುದು ಟ್ಯಾಂಕು, ಸ್ಟೆಪ್ನಿ,
ಯಾರದೋ ಒಂಟಿ ಚಪ್ಪಲಿ.

ಮೂವತ್ತೊಂದು ವರ್ಷ ಊರಿನ ಕರೆಂಟು ಮೀಟರು ಓದಿದವಳು ನಾನು, ನೆಲಿದಾ.
ಅಂಕಿ ಬರೆದುಕೊಂಡು, ಗೇಟು ಎಳೆದುಕೊಂಡು ಹೊರಡಬೇಕು;
ಒಳಗೆ ಯಾರು ಯಾರ ಮೇಲೆ ಕೂಗುತ್ತಿದ್ದಾರೆ
ಎಂಬುದು ಬಿಲ್ಲಿಗೆ ಸೇರುವುದಿಲ್ಲ.
ಈಗ ರಿಟೈರು. ಪೇಂಟಿನವನು ಹೇಳಿದ ದುಡ್ಡಿಗೆ
ಇಂಥದೇ ಇನ್ನೊಂದು ಕಾರು ಬರುತ್ತದೆ.
"ನೀನೇ ಹೊಡಕೋ" ಅಂದ ಪಕ್ಕದ ಮನೆಯ ಓಲಿವೇರಾ,
ಹಳೆ ಫ್ರಿಜ್ಜಿನ ಹೊಟ್ಟೆಯಿಂದ ತಾನೇ ಕಟ್ಟಿದ ಕಂಪ್ರೆಸರನ್ನು
ಬೇಲಿ ದಾಟಿಸುತ್ತ. ಅದರ ತೂಕಕ್ಕಿಂತ
ಅವನ ಬುದ್ಧಿಮಾತಿನ ತೂಕವೇ ಹೆಚ್ಚು.

ನಾನೂರನೇ ನಂಬರಿನ ನೀರುಕಾಗದ. ಉಜ್ಜುತ್ತ ಹೋದೆ.
ಬಿಳಿ ಹೋಯಿತು: ಅಣ್ಣ ವಿಲ್ಮಾರನ ಮದುವೆಯದ್ದು.
ಬೂದು ಹೋಯಿತು: ಅಪ್ಪ ಎಂಬತ್ಮೂರರಲ್ಲಿ ಹೊಡೆದದ್ದು,
ಹಸಿರು ಚೆನ್ನಾಗಿಯೇ ಇತ್ತಲ್ಲ ಅಂತ ಅಮ್ಮ ಗೊಣಗಿದ್ದಳು.
ಹಸಿರೂ ಹೋಗಿ, ಫ್ಯಾಕ್ಟರಿಯ ತಿಳಿನೀಲಿ
ಹಾಲುನೀರಾಗಿ ಮೊಣಕೈಗೆ ಇಳಿಯಿತು.

ಎಡಗಡೆ ಮುಂದಿನ ಮಡ್‌ಗಾರ್ಡಿನಲ್ಲಿ ಮಾತ್ರ
ನೀಲಿಯೂ ಇಲ್ಲ, ತಗಡೂ ಇಲ್ಲ.
ಗುಲಾಬಿ ಪುಟ್ಟಿ.
ಅದು ನನ್ನದು.

ಎಂಬತ್ತೆರಡು. ನನಗೆ ಹತ್ತೊಂಬತ್ತು, ಲೈಸೆನ್ಸಿಲ್ಲ.
ಶಾಲೆಯ ಗೇಟಿನ ಕಂಬ ಇದ್ದಲ್ಲೇ ಇತ್ತು.
ಅಪ್ಪ ಸಾಮಿಲ್ಲಿನಲ್ಲಿ ರಾತ್ರಿ ಕಾವಲು.
ವಿಲ್ಮಾರ್ ಸುತ್ತಿಗೆಗೆ ಬಟ್ಟೆ ಸುತ್ತಿ
ಸದ್ದಾಗದಂತೆ ಬಡಿದ, ಮೆತ್ತಿದ, ಕೋಳಿ ಕೂಗುವ ಮುಂಚೆ
ಹಸಿರನ್ನೇ ಹೋಲುವ ಒಂದು ಹಸಿರು ಬಳಿದ.
ಅಪ್ಪ ಬಂದ. ಮಾತೆ ಕುಡಿದ. ಮಲಗಿದ.
ತುಟಿ ಪಿಟಕ್ಕೆನ್ನಲಿಲ್ಲ.
ಆಮೇಲೆ ನಲವತ್ತು ಕ್ರಿಸ್‌ಮಸ್,
ಅಡುಗೆಮನೆಯ ಬಾಗಿಲು ಮುಂದಕ್ಕೆ ಮಾಡಿ
ಅಣ್ಣ ತಂಗಿ ಹೊಟ್ಟೆ ಹಿಡಿದು ನಕ್ಕೆವು,
ಮುದುಕನಿಗೆ ಗೊತ್ತೇ ಆಗಲಿಲ್ಲ ಅಂತ.
ಅವನು ಹೋದ ಮೇಲೂ ನಕ್ಕೆವು.

ಇವತ್ತು ಚಕ್ರ ಬಿಚ್ಚಿ, ಟಾರ್ಚು ಹಿಡಿದು ಒಳಮೈ ನೋಡಿದೆ,
ತುಕ್ಕು ಎಷ್ಟು ತಿಂದಿದೆಯೋ ಅಂತ.
ಅಲ್ಲಿ ಇನ್ನೊಂದು ಪುಟ್ಟಿ, ಬೂದು ಬಣ್ಣದ್ದು.
ವಿಲ್ಮಾರ್ ಅವಸರದಲ್ಲಿ ಬಿಟ್ಟ ಸೀಳಿಗೆ
ಒಳಗಿನಿಂದ ಮೆತ್ತಿ, ಬೆರಳಲ್ಲೇ ಎಳೆದದ್ದು.
ಹೊರಗಾದರೆ ಉಜ್ಜಿ ನುಣುಪು ಮಾಡುತ್ತಾರೆ.
ಒಳಗೆ ಯಾರು ನೋಡುತ್ತಾರೆ?
ಮೂರು ಗೆರೆ. ತೋರುಬೆರಳಿನ ಜಾಗ ಖಾಲಿ.
ಆ ಬೆರಳನ್ನು, ನಾನು ಹುಟ್ಟುವ ಮೊದಲೇ,
ಮಾಂಸದ ಡಬ್ಬಿಗೆ ಮುಚ್ಚಳ ಒತ್ತುವ ಯಂತ್ರ
ತನ್ನಲ್ಲೇ ಇಟ್ಟುಕೊಂಡಿತ್ತು.

ಬಕೆಟ್ ಬೋರಲು ಹಾಕಿ ಕೂತೆ.
"ಗಾಳಿ ಏಳುವ ಮುಂಚೆ ಹೊಡಿಯೇ!" ಬೇಲಿಯಾಚೆಯಿಂದ ಓಲಿವೇರಾ.

ಮೊದಲ ಕೈ ತೆಳ್ಳಗೆ, ಮಂಜು ಕೂತ ಹಾಗೆ.
ಎರಡನೆಯದಕ್ಕೆ ಕೈ ಪಳಗಿತ್ತು.
ಮೂರನೆಯದರಲ್ಲಿ ಆಸೆ ಹೆಚ್ಚಾಯಿತು;
ಹೆಡ್‌ಲೈಟಿನ ಕೆಳಗೆ ಒಂದು ಹನಿ ಜಾರಿ, ಅಲ್ಲೇ ನಿಂತಿತು.
ಮೇಲ್ಛಾವಣಿ ಕಿತ್ತಳೆ ಸಿಪ್ಪೆ.
ಬಾಗಿಲಲ್ಲಿ ಒಂದು ಸೊಳ್ಳೆ, ಆರೂ ಕಾಲು ಸಮೇತ.
ಒಳಮೈಗೆ ಬಣ್ಣ ತಾಗಿಸಲಿಲ್ಲ.
ತುಕ್ಕು ಹಿಡಿಯದ ಹಾಗೆ ಎಣ್ಣೆ ಸವರಿದೆ,
ಮೂರು ಗೆರೆಗಳ ಮೇಲೆ ಮೆಲ್ಲಗೆ.

ರಾತ್ರಿ ವಿಲ್ಮಾರನ ಫೋನು.
"ಹೇಗೆ ಬಂತು?"
"ತಿಳಿನೀಲಿ."
"ಎಲ್ಲಾದರೂ ಸೋರಿದೆಯಾ?"
"ಒಂದು ಕಡೆ."
ಹೇಳಿಬಿಡಬೇಕು ಅಂದುಕೊಂಡೆ, ಬಾಯಿಯವರೆಗೆ ಬಂದಿತ್ತು.
"ಕ್ರಿಸ್‌ಮಸ್‌ಗೆ ಬರ್ತೀಯಲ್ಲ," ಅಂದೆ,
"ಬರುವಾಗ ಚಕ್ರ ಬಿಚ್ಚುವ ಪಾನಾ ತಗೊಂಡು ಬಾ."