ಹಿತ್ತಲ ಚೀಟಿಗಳು

ಮೂಂಟಾದಲ್ಲಿ ತಾಮ್ರ ತೀರಿ ನೂರು ವರ್ಷ.
ಉಳಿದದ್ದು ತಿಪ್ಪೆಯಂಥ ಕೆಂಪು ಗುಡ್ಡ, ಒಂದೆರಡು ಚಿಮಣಿ,
ಮತ್ತು ಮೆರ್ಲ್ ಟ್ರೆಗೆಂಜಾ.
ವಯಸ್ಸು ಎಂಬತ್ತೊಂಬತ್ತು. ಮಂಗಳವಾರ, ಶುಕ್ರವಾರ
ಬಂದು ಬೆನ್ನು ತಿಕ್ಕಿ, ಬಟ್ಟೆ ಒಗೆದು ಹೋಗುವವಳು ನಾನು.

ಈ ಶುಕ್ರವಾರ ಅವಳಿಗೊಂದು ಹಟ:
"ಮ್ಯೂಸಿಯಮ್ಮಿಗೆ ನನ್ನ ಹಿತ್ತಲು ಕೊಡುತ್ತೇನೆ. ಚೀಟಿ ಬರಿ.
ನಮ್ಮ ದೇಶ ಕಂಡುಹಿಡಿದದ್ದೆಲ್ಲ ಇಲ್ಲೇ ಬಿದ್ದಿದೆ."

ಹಿತ್ತಲ ಗಿಡ ಮದ್ದಲ್ಲ ಅಂತ ನಮ್ಮ ಕಡೆ ಗಾದೆ, ಅಂದೆ.
ಅರ್ಥ ಕೇಳಿದಳು, ಹೇಳಿದೆ.
"ಅದನ್ನೂ ಬರಿ."

ಒಂದು: ಬಟ್ಟೆ ಒಣಹಾಕುವ ಕೊಡೆ.
ಬಟ್ಟೆಯೇ ಇಲ್ಲದ ಕೊಡೆ, ಬರೀ ಕಡ್ಡಿ, ತಂತಿ.
ಹಿಡಿಕೆ ತಿರುವಿದರೆ ಒದ್ದೆ ದುಪ್ಪಟಿಗಳು ಆಕಾಶಕ್ಕೇರುತ್ತವೆ,
ಗಾಳಿ ಬಂದರೆ ಗಿರಗಿಟ್ಲೆ.
ನಾಲ್ಕೂ ಮಕ್ಕಳು ಇದಕ್ಕೆ ಜೋತುಬಿದ್ದು ತಿರುಗಿದವರೇ,
ಮೂರನೆಯವಳು ಹಲ್ಲು ಮುರಿದುಕೊಂಡಳು.
ಒಂದು ತೋಳು ಇನ್ನೂ ಸೊಟ್ಟ.
"ಯಾರಿಂದ ಅಂತ ಬರೀಬೇಡ. ಅವಳೀಗ ಜಡ್ಜು."

ಎರಡನೆಯದು ಏಪ್ರನ್ ಜೇಬಲ್ಲೇ ಸಿಕ್ಕಿತು,
ಐದು ಡಾಲರಿನ ಪ್ಲಾಸ್ಟಿಕ್ ನೋಟು.
ಮಷೀನಿನಲ್ಲಿ ಮುಳುಗೆದ್ದು, ಸೋಪಿನ ವಾಸನೆ ಹೊತ್ತು,
ಮದುಮಗಳ ಹಾಗೆ ಹೊಳೆಯುತ್ತ ಬಂತು.
ಕ್ಲಿಪ್ಪು ಹಾಕಿ ತಂತಿಗೆ ತೂಗಿಬಿಟ್ಟೆ;
ಲಂಗ ಬನಿಯನ್ನುಗಳ ನಡುವೆ ರಾಣಿ ಒಣಗಿದಳು.
ಅಪ್ಪನ ಅಂಗಿಯ ಜೊತೆ ನೂರರ ನೋಟು ಕುಕ್ಕಿ ಕುಕ್ಕಿ ಒಗೆದು
ರಾಯಚೂರಿನ ಒಗೆಯುವ ಕಲ್ಲಿನ ಮುಂದೆ
ಅವ್ವ ಅತ್ತದ್ದು ನೆನಪಾಯಿತು.
ಅದು ಚೀಟಿಗೆ ಬೇಡ.

ಮೂರು: ವೈನಿನ ಚೀಲ. ರಟ್ಟಿನ ಡಬ್ಬಿಯ ಬೆಳ್ಳಿ ಹೊಟ್ಟೆ.
ಕುಡಿದು ಮುಗಿಸಿ, ಗಾಳಿ ಊದಿ, ತಲೆದಿಂಬು ಮಾಡಿಕೊಂಡು
ಗಂಡ ಇಲ್ಲೇ ಹುಲ್ಲಲ್ಲಿ ಮಲಗುತ್ತಿದ್ದನಂತೆ.
"ಕೊನೇ ದಿನವೂ."
ಆಮೇಲೆ ಸ್ವಲ್ಪ ಹೊತ್ತು ಚೀಟಿಯಿಲ್ಲ.

ಶೆಡ್ಡಿನ ಹಿಂದೆ ತುಕ್ಕಿನ ರಾಶಿ. ನೇಗಿಲು, ಅಂದಳು.
ಮ್ಯಾಲೀ ಮರ ಕಡಿದರೂ ಬೊಡ್ಡೆ ಹೋಗುವುದಿಲ್ಲ ಇಲ್ಲಿ,
ಮಣ್ಣೊಳಗೆ ಮುಷ್ಟಿ ಬಿಗಿದು ಕೂತಿರುತ್ತದೆ.
ಕುಳ ತಾಗಿದರೆ ಮುರಿಯುವುದು ಕುಳವೇ.
ಹಾಗಾಗಿ ಕುಳಕ್ಕೊಂದು ಕೀಲು ಕೊಟ್ಟರು:
ಬೊಡ್ಡೆ ಸಿಕ್ಕರೆ ಎದ್ದು ಹಾರಲಿ,
ದಾಟಿ, ತನ್ನ ಭಾರಕ್ಕೆ ತಾನೇ ಮತ್ತೆ ಮಣ್ಣಿಗಿಳಿಯಲಿ.
ಜಿಗಿದಷ್ಟು ಉದ್ದ ಉಳದೆ ಉಳಿದ ನೆಲವನ್ನು
ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.
"ನಾನೂ ಹೀಗೇ ಬದುಕಿದೆ," ಅಂದಳು ಮೆರ್ಲ್.
ಬರೆಯಲೋ ಬೇಡವೋ ಕೇಳಲಿಲ್ಲ.

ಅವಳು ಹೇಳದೆ ಬಿಟ್ಟದ್ದು ಕಿವಿಯ ಹಿಂದಿನದು.
ತಲೆಬುರುಡೆಗೆ ಅಯಸ್ಕಾಂತದಿಂದ ಅಂಟಿದ ಗುಂಡಿ,
ಒಳಗೆ ಶಂಖದ ಸುರುಳಿಯಲ್ಲಿ ಎಳೆದ ತಂತಿ.
ಅದೂ ಈ ದೇಶದ್ದೇ. ಬೇಡದ ಮಾತು ಬಂದರೆ
ಫಟ್ಟನೆ ಕಿತ್ತು ಜೇಬಿಗಿಳಿಸುತ್ತಾಳೆ.

ಅಷ್ಟರಲ್ಲಿ ಗ್ಯಾಸ್ ಸಿಲಿಂಡರ್ ಉರುಳಿಸುತ್ತ ಬಂದ ಡಾರೆಲ್,
ಪಾಯಿಂಟ್ ಪಿಯರ್ಸಿನ ನರುಂಗ್ಗ ಮನುಷ್ಯ.
ಚೀಟಿ ಓದಿದ. "ಒಂದನೆಯದು ಇದಾ?"
"ನಮ್ಮಜ್ಜಂದಿರು ಕಡಲಲ್ಲಿ ಕಲ್ಲು ಸಾಲಿಟ್ಟಿದ್ದರು.
ಭರತಕ್ಕೆ ಮೀನು ಒಳಗೆ, ಇಳಿತಕ್ಕೆ ಮೀನು ಅಲ್ಲೇ.
ಕೀಲಿಲ್ಲ, ತಂತಿಯಿಲ್ಲ, ಕರೆಂಟಿಲ್ಲ."
"ಅದು ನನ್ನ ಹಿತ್ತಲಲ್ಲಿ ಇಲ್ಲವಲ್ಲ," ಅಂದಳು.
ಅವನು ನಕ್ಕ. "ನಿನ್ನ ಹಿತ್ತಲು ಇರೋದೆಲ್ಲಿ, ಮೆರ್ಲ್?"

ಅವಳ ಕೈ ಕಿವಿಯ ತನಕ ಹೋಯಿತು.
ಅಷ್ಟರಲ್ಲಿ ಗಾಳಿ ಎದ್ದು ದುಪ್ಪಟಿಗಳು ನಮ್ಮ ನಡುವೆ ಹಾಯ್ದವು;
ಕಿತ್ತಳೋ, ಬಿಟ್ಟಳೋ, ನನಗೆ ಕಾಣಲಿಲ್ಲ.

ಒಂದನ್ನು ಹೊಡೆದು ಎರಡು ಮಾಡಿದೆ, ಎರಡನ್ನು ಮೂರು.
ಮೊದಲ ಚೀಟಿ ಖಾಲಿ ಉಳಿಯಿತು.
ನೆಲಕ್ಕೆ ಅಂಟಿಸಲು ಬಗ್ಗಿದೆ. ದುಪ್ಪಟಿಯ ನೀರು ಸೋರಿ ನೆಲ ಒದ್ದೆ,
ಗೋಂದು ಹಿಡಿಯಲಿಲ್ಲ.
ಕೊನೆಗೆ ರಾಣಿಯ ಪಕ್ಕ ಕ್ಲಿಪ್ಪು ಹಾಕಿ ತೂಗಿದೆ.
ಸೊಟ್ಟ ತೋಳಿನಲ್ಲಿ, ಏನೂ ಬರೆಯದೆ,
ಅದೂ ತಿರುಗತೊಡಗಿತು.