ಶುಕ್ರವಾರ, ಬೀಡಿ ಬ್ರಾಂಚಿನಲ್ಲಿ

ನಾಳೆ ಬೆಳಿಗ್ಗೆ ಹತ್ತಕ್ಕೆ ಕರೆಗೆ ಕೋಣ ಇಳೀತದೆ,
ನಾಡಿದ್ದು ಮಧ್ಯಾಹ್ನದೊಳಗೆ ಮುಗೀಲಿಕ್ಕುಂಟು.
ಮುಗಿಯುವುದಿಲ್ಲ. ಯಾವ ವರ್ಷ ಮುಗಿದದ್ದುಂಟು?
ಸೆಕೆಂಡಿನ ನೂರರಲ್ಲೊಂದು ಪಾಲಿಗೆ ಜಗಳವಾಗಿ
ಒಂದು ಗಂಟೆ ಮೈಕಿನಲ್ಲೇ ಹೋಗ್ತದೆ.

ಬೀಡಿ ಎಣಿಸುತ್ತಾ ವಿಲ್ಫಿ ಪೊರ್ಬುಗಳು ಕೇಳುತ್ತಾರೆ,
ತಲೆ ಎತ್ತದೆ, ನನ್ನ ಎರಡು ಕಟ್ಟು ಸರಿಯಿಲ್ಲವೆಂದು ಬದಿಗೆ ಸರಿಸಿ:
"ವಾರಿಜಕ್ಕ, ಈ ಸಲ ಯಾರದ್ದು?"
ಹೊರಗೆ ಬೈಕಿನ ಮೇಲೆ ಕೂತ ಮೂರು ಹುಡುಗರ
ಮೊಬೈಲು ಮಡಿಲಿಗಿಳಿಯುತ್ತದೆ.

ನಾನು ಕೋಣ ಓಡಿಸಿದವಳಲ್ಲ,
ಕರೆಯ ಬದಿಗೆ ನಿಂತು ನೋಡಿದ್ದು ಸಹ ನಾಲ್ಕೇ ಸಲ.
ನಡುಗುತ್ತಿನ ಹಟ್ಟಿಯಲ್ಲಿ ಹತ್ತೊಂಬತ್ತು ವರ್ಷ
ಹುರುಳಿ ಬೇಯಿಸಿದವಳು,
ಮರಿಗೆಯ ತಳದಲ್ಲಿ ಉಳಿದದ್ದನ್ನು ಕೈಯಿಂದ ಬಳಿದವಳು.
ನೀವು ಕಾಲು ನೋಡ್ತೀರಿ. ನಾನು ಬಾಯಿ.

ಬರೆದುಕೊಳ್ಳಿ.
ಕನೆಹಲಗೆಗೆ ಬೈಲಬರಿಯವರ ಜೋಡಿ.
ಏಳೂವರೆ ಕೋಲಿನ ನಿಶಾನೆ ಒದ್ದೆಯಾಗಿಯೇ ಆಗ್ತದೆ;
ಆ ಹಲಗೆಯ ಮೇಲೆ ನಿಲ್ಲುವ ಹುಡುಗನಿಗೆ
ಹೆದರಿಕೆ ಎಂದರೇನೆಂದು ಇನ್ನೂ ಯಾರೂ ಹೇಳಿಕೊಟ್ಟಿಲ್ಲ.
ಅಡ್ಡಹಲಗೆ ಬಿಡಿ, ಬರುವುದೇ ಮೂರು ಜೋಡಿ,
ಅದರಲ್ಲೊಂದಕ್ಕೆ ಜ್ವರ.
ನೇಗಿಲು ಕಿರಿಯಕ್ಕೆ ಲಿಗೋರಿ ಬಾಬರದ್ದು.
ಹಲ್ಲು ನೋಡುವವರು ಎರಡೆರಡು ಸಲ ನೋಡಿದರಂತೆ,
ಮರಿಗಳು ಅಷ್ಟು ಬೆಳೆದಿವೆ.
ಹಗ್ಗ ಕಿರಿಯ ನನಗೆ ಗೊತ್ತಿಲ್ಲ.
ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುತ್ತೇನೆ ಮಾರಾಯ್ರೆ,
ಮೈಕಿನವರು ಹಾಗೆ ಹೇಳಿದ್ದು ಕೇಳಿದ್ದುಂಟಾ?

ಇನ್ನು ನೇಗಿಲು ಹಿರಿಯ.
ಬೈಕಿನ ಹುಡುಗರು ಕತ್ತು ಚಾಚುತ್ತಾರೆ.
ಅದು ನಮ್ಮದು, ಬೊಳ್ಳ ಮತ್ತು ದಾಸು.
ಕಳೆದ ಮೂರು ಕರೆಯಲ್ಲೂ ಪದಕ,
ಧನಿಗಳ ಚಾವಡಿಯ ಗೋಡೆಯಲ್ಲಿ ಇನ್ನು ಮೊಳೆಗೆ ಜಾಗವಿಲ್ಲ.
ಊರಿನ ಪಂಥವೆಲ್ಲ ಅವುಗಳ ಮೇಲೆ,
ಮೀನು ಮಾರುವ ಬೇಬಿಯ ಐನೂರು ಸಹ.

ಬುಧವಾರದಿಂದ ದಾಸು
ಮರಿಗೆಯಲ್ಲಿ ಎರಡು ಹಿಡಿ ಬಿಡುತ್ತಿದ್ದಾನೆ.
ಎರಡೇ ಹಿಡಿ.
ಡಾಕ್ಟರು ಬಂದು, ಮುಟ್ಟಿ ನೋಡಿ, ಎಂತ ಇಲ್ಲ ಎಂದರು.
ಧನಿಗಳು ಫ್ಯಾನು ಜೋರು ಮಾಡಿದರು.
ನೊಗ ಕೂರುವಲ್ಲಿಗೆ ಎಣ್ಣೆ ತಿಕ್ಕುವಾಗ
ಎಂದಿನ ಹಾಗೆ ಅವನು ಕಣ್ಣು ಮುಚ್ಚಲಿಲ್ಲ.
"ವಾರಿಜಾ," ಎಂದರು ಧನಿಗಳು ನಾನು ಹೊರಡುವಾಗ,
"ಹಟ್ಟಿಯದ್ದು ಹಟ್ಟಿಯಲ್ಲೇ ಇರಲಿ, ಆಯ್ತಾ."

ಅವರ ಉಪ್ಪು ಉಂಡದ್ದು ಹೌದು.
ದಾಸುವಿಗೆ ಉಪ್ಪು ಹಾಕಿದ್ದು ನಾನು.

ಪೊರ್ಬುಗಳ ಪೆನ್ನು ಕಾಯುತ್ತದೆ.
ಐನೂರು ಉಳಿಯಬೇಕಾದರೆ ಬೇಬಿ
ಎಷ್ಟು ಬುಟ್ಟಿ ಬಂಗುಡೆ ಹೊರಬೇಕು?
"ನಿಮ್ಮದೇ ಅಂತ ಬರೆಯಲಾ?"
"ಬರೆಯಬೇಡಿ."
ಬೇರೆ ಹೆಸರು ನಾನು ಹೇಳಲಿಲ್ಲ.
ಅವರೂ ಕೇಳಲಿಲ್ಲ. ಎಲೆ ತೂಗಿದರು, ಹೊಗೆಸೊಪ್ಪು, ನೂಲು,
ಬದಿಗಿಟ್ಟ ಎರಡು ಕಟ್ಟನ್ನು ಮೆಲ್ಲ ಒಳಗೆ ಹಾಕಿಕೊಂಡರು.
ಬೈಕು ಸ್ಟಾರ್ಟಾದದ್ದು ಕೇಳಿತು.
ಸಂಜೆಯೊಳಗೆ ಕಟಪಾಡಿ ಪೇಟೆಗೆ ಮುಟ್ಟಿರ್ತದೆ.
ಧನಿಗಳಿಗೂ.

ನಾಡಿದ್ದು ನಸುಕಿಗೆ, ಆ ಲೈಟಿನ ಬೆಳಕಿನಲ್ಲಿ,
ದಾಸು ಓಡಲೂಬಹುದು. ಗೆಲ್ಲಲೂಬಹುದು.
ಕೋಣ ಕಲ್ಲಲ್ಲವಲ್ಲ.
ನನ್ನ ಮಾತು ಸುಳ್ಳಾಗಲಿ, ಹುಡುಗರು ನಗಲಿ,
ಬೇಬಿ ಬಂದು ಅಂಗಳದಲ್ಲಿ ನಿಂತು ಬೈಯಲಿ.

ಸೋಮವಾರ ಹಟ್ಟಿಗೆ ಹೋಗಬಹುದೋ ಇಲ್ಲವೋ,
ಹೋದರೆ, ಹಂಡೆಯ ಕೆಳಗೆ ಮಡಲು ತುರುಕುವ ಮೊದಲು,
ಪದಕ ಎಲ್ಲಿ ಎಂದು ಕೇಳುವ ಮೊದಲು,
ಒಮ್ಮೆ ಮರಿಗೆಗೆ ಬಗ್ಗಿ ನೋಡುತ್ತೇನೆ
ತಳ ಕಾಣ್ತದಾ ಎಂದು.